ಕೆರೆಯೊಳಗಿನ ದಾರಿ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂಗಾರಪೇಟೆಯ ಮನೆಗೆ ಬಂದ ಮೇಲೆ ನಾನು ಸೈಕಲ್ ಹತ್ತಿದೆನಾದರೂ ಒಬ್ಬನೇ ಹತ್ತಲಿಲ್ಲ. ನನ್ನ ಹಿಂದೆ ಸ್ವಲ್ಪ ದೂರದಲ್ಲಿ ಯಾವಾಗಲೂ ಒಂದು ಸ್ಕೂಟಿ ಬರುತ್ತಿತ್ತು, ಅದರ ಮೇಲೆ ನನ್ನ ಹೆಂಡತಿ. "ಸೈಕಲ್ ತುಳೀಬಹುದು, ಆದ್ರೆ ದಮ್ಮು ಕಟ್ಟೋ ಹಾಗೆ ಬೇಡ" ಎಂದು ಡಾಕ್ಟರು ಹೇಳಿದ್ದರು. ಆ ಮಾತಿನ ಮೊದಲರ್ಧವನ್ನು ನನಗೆ ಬಿಟ್ಟುಕೊಟ್ಟು ಉಳಿದರ್ಧವನ್ನು ಅವಳು ತನ್ನ ಬಳಿ ಇಟ್ಟುಕೊಂಡಳು. ನನ್ನ ಫೋನು, ನೀರಿನ ಬಾಟಲಿ, ಎದೆ ಹಿಡಿದರೆ ನಾಲಿಗೆಯ ಕೆಳಗಿಡಬೇಕಾದ ಮಾತ್ರೆ ಎಲ್ಲವೂ ಅವಳ ಸ್ಕೂಟಿಯ ಡಿಕ್ಕಿಯಲ್ಲಿ.

ಸೈಕಲ್ಲಿನ ವೇಗಕ್ಕೆ ಸ್ಕೂಟಿ ಓಡಿಸುವುದು ಸುಲಭವಲ್ಲ. ಅದು ವಾಲುತ್ತದೆ, ಕಾಲು ಕೆಳಗೆ ಊರಬೇಕಾಗುತ್ತದೆ, ಮತ್ತೆ ಎತ್ತಬೇಕಾಗುತ್ತದೆ. ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ ನಾವು ಬೆಳಗಿನ ತಮಾಷೆಯಾಗಿದ್ದೆವು. "ಏನ್ ಸಾರ್, ಇಂದ್ಗಡೆ ಎಸ್ಕಾರ್ಟಾ?" ಎಂದು ಒಬ್ಬ ಕೇಳುತ್ತಿದ್ದ. ನಾನು ಮುಖ ಸಿಂಡರಿಸಿಕೊಂಡು ಮುಂದೆ ಹೋಗುತ್ತಿದ್ದೆ. ಅವಳು ಮಾತ್ರ ಆರಾಮಾಗಿ ನಕ್ಕು, ಅವನ ಎಮ್ಮೆ ಕರು ಹಾಕಿತೇ ಎಂದು ವಿಚಾರಿಸಿಕೊಂಡೇ ಬರುತ್ತಿದ್ದಳು. ಅವಳು ಹುಟ್ಟಿದ್ದು ಕೆಜಿಎಫ್‌ನ ನಂದಿದುರ್ಗದ ತಮಿಳು ಮಾತಾಡುವ ಗಣಿ ಕಾರ್ಮಿಕರ ಲೈನು ಮನೆಯಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ ಬೆಳೆದವಳಿಗೆ ಯಾರ ಮಾತೂ ಮೈಗೆ ತಾಗುವುದಿಲ್ಲ.

ಮೊದಲು ನಾವು ಹಿಡಿದದ್ದು ಬೇತಮಂಗಲದ ಕಡೆಯ ದಾರಿ. ಕೆಜಿಎಫ್ ದಾಟಿ, ಗಣಿಯ ಬೂದು ದಿಬ್ಬಗಳನ್ನು ಬೆನ್ನಿಗೆ ಬಿಟ್ಟು, ಕೆರೆಯ ದೊಡ್ಡ ನೀರು ಕಾಣುವವರೆಗೆ ಹೋಗಿ ಟೀ ಕುಡಿದು ವಾಪಸ್. ಮೈಯಲ್ಲಿ ಶಕ್ತಿ ಬಂದ ಮೇಲೆ ದಿನ್ನೆ ಜಾಸ್ತಿಯಿರುವ ಬೂದಿಕೋಟೆಯ ಕಡೆಗೆ ತಿರುಗಿದೆವು. ಆ ಕಡೆಯ ರಸ್ತೆಗೆ ಒಂದು ಲಯವಿದೆ. ಒಂದು ದಿನ್ನೆ ಹತ್ತಬೇಕು, ಅತ್ತ ಇಳಿದರೆ ಒಂದು ಕೆರೆ, ಅದರ ಏರಿಯ ಮೇಲೆ ಸ್ವಲ್ಪ ದೂರ ಮಟ್ಟಸ, ಮತ್ತೆ ದಿನ್ನೆ. ಮಾವಿನ ತೋಪು, ರಾಗಿ ಹೊಲ, ಬಂಡೆ, ಮತ್ತೊಂದು ಕೆರೆ. ಸುಗ್ಗಿಯ ದಿನಗಳಲ್ಲಿ ಟಾರು ರಸ್ತೆಯ ಮೇಲೇ ಹುರುಳಿ ಹರಡಿರುತ್ತಾರೆ, ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡಲಿ ಎಂದು. ಅದರ ಮೇಲೆ ಸೈಕಲ್ ತುಳಿದರೆ ಚೈನಿಗೆಲ್ಲ ಬಳ್ಳಿ ಸುತ್ತಿಕೊಳ್ಳುತ್ತದೆ. ನಾನು ಇಳಿದು ಬಯ್ಯುತ್ತಾ ಬಿಡಿಸುವುದು, ಅವಳು ಹಿಂದಿನಿಂದ "ಬಯ್ಬೇಡಿ, ಬಿಪಿ ಏರುತ್ತೆ" ಅನ್ನುವುದು ದಿನದ ಪಾಠ.

ನನಗೆ ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಪ್ರತಿ ದಿನ್ನೆಯಲ್ಲೂ ನಾನು ರಸ್ತೆ ನೋಡುತ್ತಿರಲಿಲ್ಲ, ಎದೆಯನ್ನೇ ಕೇಳಿಸಿಕೊಳ್ಳುತ್ತಿದ್ದೆ. ಅರ್ಧ ಹತ್ತಿ ಇಳಿದು, ಕತ್ತಿನ ನಾಡಿ ಹಿಡಿದು ನಿಲ್ಲುತ್ತಿದ್ದೆ. ಹಿಂದಿನ ಸ್ಕೂಟಿಯ ಗುರುಗುಟ್ಟುವ ಸದ್ದು ತಲೆ ತಿನ್ನುತ್ತಿತ್ತು, ಆದರೆ ಅದು ಒಂದು ಗಳಿಗೆ ಕೇಳಿಸದೇ ಹೋದರೆ ತಿರುಗಿ ನೋಡುತ್ತಿದ್ದವನೂ ನಾನೇ.

ಹೀಗೇ ಒಂದು ಭಾನುವಾರ ನನಗೆ ಹೋದ ದಾರಿಯಲ್ಲೇ ವಾಪಸ್ ಬರುವುದು ಬೇಸರವಾಯಿತು. ಬೂದಿಕೋಟೆಯಿಂದ ಆಚೆಗೆ ನನ್ನ ತಾಯಿಯ ತವರೂರಿದೆ. ಅಲ್ಲಿಂದ ಸುತ್ತು ಹೊಡೆದು ಬೇರೆ ರಸ್ತೆಯಲ್ಲಿ ಬಂಗಾರಪೇಟೆಗೆ ಬರೋಣ ಅಂದೆ. ತೊಡಕು ಒಂದೇ. ಆ ಊರಿನಿಂದ ಆಚೆ ರಸ್ತೆಗೆ ಹೋಗುವ ಟಾರು ದಾರಿ ಒಂದು ದೊಡ್ಡ ದಿನ್ನೆಯನ್ನು ಹತ್ತಿ ಇಳಿಯುತ್ತದೆ. ಆ ಕಡೆಯಲ್ಲೆಲ್ಲ ಅಷ್ಟು ಕಡಿದಾದ ದಿನ್ನೆ ಇನ್ನೊಂದಿಲ್ಲ.

"ಅದನ್ನ ನೀವು ಹತ್ಬಾರ್ದು" ಎಂದಳು ಹೆಂಡತಿ, ಊರ ಬಾಗಿಲಲ್ಲಿ ಸ್ಕೂಟಿ ನಿಲ್ಲಿಸಿ.

"ಯಾರು ಹತ್ತುತ್ತಾರೆ? ಕೆರೆಯೊಳಗೆ ಹೋಗ್ತೀನಿ. ಸಪಾಟು ದಾರಿ."

ನಮ್ಮ ಕಡೆಯವರಿಗೆ ಈ ಮಾತು ವಿವರಿಸುವುದು ಬೇಕಿಲ್ಲ. ವರ್ಷಗಟ್ಟಲೆ ಕೆರೆಗಳು ಒಣಗಿದ್ದವು. ಕೆರೆಯೊಳಗೆ ಜಾಲಿ ಬೆಳೆಯಿತು, ಹುಡುಗರು ಕ್ರಿಕೆಟ್ ಆಡಿದರು, ಮದುವೆಗೆ ಬಂದ ವ್ಯಾನುಗಳು ನಿಂತವು. ಈ ಏರಿಯಿಂದ ಆ ದಡಕ್ಕೆ ಗಾಡಿಗಳು ತಿರುಗಾಡಿ ದಾರಿ ಬಿತ್ತು. ಆ ದಾರಿಯಲ್ಲಿ ನಾನು ತಾಯಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಎಷ್ಟು ಸಲ ಹೋಗಿಲ್ಲ! "ಕೆರೆಯೊಳಗೆ ಹೋಗು" ಅಂದರೆ ಬೇಗ ಹೋಗು ಅಂತಲೇ ನಮ್ಮ ಲೆಕ್ಕ. ಈಚೆಗೆ ಮಳೆ ಚೆನ್ನಾಗಿ ಆಗಿ ರಸ್ತೆ ಪಕ್ಕದ ಕೆರೆಗಳೆಲ್ಲ ತುಂಬಿದ್ದನ್ನು ನಾನೇ ಕಣ್ಣಾರೆ ನೋಡಿದ್ದೆ, ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದೆ. ಆದರೂ ತಾಯಿಯ ಊರಿನ ಕೆರೆ ನನ್ನ ತಲೆಯಲ್ಲಿ ಕೆರೆಯೇ ಅಲ್ಲ, ದಾರಿ. ಹೆಂಡತಿಗೂ ಹೊಳೆಯಲಿಲ್ಲ. ಆ ಊರಿಗೆ ಸೊಸೆಯಾಗಿ ಬಂದು ಹೋದಾಗಲೆಲ್ಲ ಅವಳೂ ನೋಡಿದ್ದು ಜಾಲಿಯನ್ನೇ. ಆದ್ದರಿಂದ ಅವಳ ಚಿಂತೆಯೆಲ್ಲ ಜಾಲಿ ಮುಳ್ಳಿಗೆ ಸ್ಕೂಟಿ ಪಂಕ್ಚರ್ ಆಗುತ್ತದೆ ಎಂಬುದಷ್ಟೇ.

"ಸರಿ, ನೀವು ಕೆರೆಯೊಳಗೆ ಬನ್ನಿ. ನಾನು ರೋಡಲ್ಲಿ ಸುತ್ಕೊಂಡು ಓಗಿ, ದಾರಿ ಮೇಲ್ ಬರೋ ಜಾಗದಲ್ಲಿ ನಿಂತಿರ್ತೀನಿ. ನಿಧಾನಾ!" ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ನನ್ನನ್ನು ಹೊರಗೆ ಒಬ್ಬನೇ ಬಿಟ್ಟದ್ದು ಅದೇ ಮೊದಲು.

ಊರು ದಾಟಿ, ಹುಣಸೆ ಮರದ ಬಳಿ ತಿರುಗಿ ಇಳಿದೆ. ಗಾಡಿಯ ಜಾಡು ಹಾಗೇ ಇತ್ತು. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು ಬಂದವನು ಸಟ್ಟನೆ ಕಾಲು ಊರಿದೆ. ಜಾಡು ನೆಟ್ಟಗೆ ಹೋಗಿ ನೀರಿನೊಳಗೆ ಇಳಿದಿತ್ತು. ಅದರಾಚೆ ದಡದಿಂದ ದಡಕ್ಕೆ ನೀರು. ಜಾಲಿಯ ತಲೆಗಳು ಅಲ್ಲೊಂದು ಇಲ್ಲೊಂದು ಮೇಲೆ ಕಾಣುತ್ತಿದ್ದವು, ಅವುಗಳ ಮೇಲೆ ಬೆಳ್ಳಕ್ಕಿಗಳು. ಅಷ್ಟು ನೀರನ್ನು ಆ ಕೆರೆಯಲ್ಲಿ ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಒಂದು ಕ್ಷಣ ಸಂತೋಷವೇ ಆಯಿತು.

ದಡದಲ್ಲಿ ಹಸು ಮೇಯಿಸುತ್ತಿದ್ದ ಮುದುಕಿ ನನ್ನನ್ನು ನೋಡಿ ನಕ್ಕಳು. "ನೀವೂ ಬಂದ್ರಾ ಸಾಮಿ? ನಮ್ಮೂರೋರೇ ಅಂಗೇ ಬಂದು ನಿಂತ್ಕಂತಾರೆ. ಮೊನ್ನೆ ಒಂದ್ ಟೆಂಪೋ ಬಂದು ಇಂದಕ್ಕೆ ಓಯ್ತು."

"ಆಳ ಇದೆಯಾ ಅಜ್ಜಿ?"

"ಅಂಚಾಗೆ ಇಲ್ಲ. ನಡೂಮದ್ಯ ಇಟ್ಟಿಗೆಗೂಡಿಗೆ ಮಣ್ಣು ತೆಗ್ದವ್ರಲ್ಲ, ಆ ಗುಂಡಿಗಳವೆ. ಆನೆ ಮುಳುಗ್ತದೆ. ಇಳೀಬ್ಯಾಡಿ."

ನಾನೇಕೆ ಇಳಿಯಲಿ? ಸೈಕಲ್ ತಿರುಗಿಸಿದೆ. ಆಗ ಹೊಳೆಯಿತು. ನಾನು ಈ ದಡದಲ್ಲಿ ನಿಂತು ನೋಡುತ್ತಿರುವುದನ್ನೇ ಹೆಂಡತಿ ಆ ದಡದಲ್ಲಿ ನೋಡುತ್ತಾಳೆ. ಗಂಡ ಬರಬೇಕಾದ ದಾರಿ ನೀರಿನಿಂದ ಹೊರಗೆ ಬರುತ್ತಿರುವುದನ್ನು. ಅವಳ ಗಂಡ ಎಂಥ ಮೊಂಡನೆಂದು ಅವಳಿಗೆ ಗೊತ್ತು. "ಮೊಣಕಾಲುದ್ದ ಇರಬಹುದು" ಎಂದು ಸೈಕಲ್ ಹೆಗಲಿಗೆ ಹಾಕಿಕೊಂಡು ಇಳಿಯುವ ಜಾತಿ. ಫೋನು ಅವಳ ಡಿಕ್ಕಿಯಲ್ಲೇ ಇದೆ. ಆಚೆ ದಡದಲ್ಲಿ ಬಿಳಿ ಚುಕ್ಕೆಯಂತೆ ಸ್ಕೂಟಿ ಕಾಣಿಸಿತು. ಕೂಗಿದೆ, ಟವೆಲ್ ಬೀಸಿದೆ. ಎದುರು ಗಾಳಿ ನನ್ನ ದನಿಯನ್ನು ನನಗೇ ವಾಪಸ್ ಕೊಟ್ಟಿತು. ಮುದುಕಿಯ ಹತ್ತಿರ ಫೋನೂ ಇರಲಿಲ್ಲ, ನನಗೆ ಹೆಂಡತಿಯ ನಂಬರ್ ಬಾಯಿಗೂ ಬರುತ್ತಿರಲಿಲ್ಲ. ಇದ್ದ ದಾರಿ ಒಂದೇ, ಆ ದಿನ್ನೆ.

ಆ ದಿನ್ನೆಯನ್ನು ಹೇಗೆ ಹತ್ತಿದೆ ಎಂದು ಕೇಳಿದರೆ ಹೇಳಲಾರೆ. ಸೀಟಿನ ಮೇಲೆ ಕೂತಿರಲಿಲ್ಲ ಎಂಬುದು ನೆನಪಿದೆ. ರಸ್ತೆಯ ಮೇಲೆ ಹುರುಳಿ ಹರಡಿದ್ದರು, ಅದರ ಮೇಲೇ ಹೋದೆ, ಯಾರೋ ಬಯ್ದರು, ನಾನು ತಿರುಗಿ ಬಯ್ಯಲಿಲ್ಲ. ಉಸಿರು ಕಮ್ಮಾರನ ತಿದಿಯಂತೆ ಸದ್ದು ಮಾಡುತ್ತಿತ್ತು. ಅವಳು ನೀರಿಗೆ ಇಳಿದುಬಿಟ್ಟರೆ ಎಂಬುದೊಂದೇ ಯೋಚನೆ. ಅವಳಿಗೆ ಈಜು ಬಾರದು. ಮೇಲೆ ತಲುಪಿ, ಆಚೆ ಇಳಿಜಾರು ಕಣ್ಣಿಗೆ ಬಿದ್ದಾಗಲೇ ತಿಳಿದದ್ದು, ನಾನು ಎಲ್ಲೂ ನಿಂತಿರಲಿಲ್ಲ, ನಾಡಿ ಹಿಡಿದಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ನೋವಿರಲಿಲ್ಲ. ಓಡಿ ಬಂದ ಯಾವ ಮನುಷ್ಯನ ಎದೆ ಹೊಡೆದುಕೊಳ್ಳುವುದಿಲ್ಲ?

ಕೆಳಗೆ ಕೆರೆಯಂಚಿನಲ್ಲಿ ಏಳೆಂಟು ಜನ ಸೇರಿದ್ದರು. ಇಬ್ಬರು ಸೊಂಟದವರೆಗೆ ನೀರಿನಲ್ಲಿ ನಿಂತು ಉದ್ದನೆಯ ಬಿದಿರು ಗಳುವಿನಿಂದ ತಡಕುತ್ತಿದ್ದರು. ನನ್ನ ಹೆಂಡತಿ ನೀರಿಗೆ ಪಾದ ಮುಟ್ಟಿಸಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಸುಮ್ಮನೆ ನೀರನ್ನು ನೋಡುತ್ತಿದ್ದಳು. ಅವಳು ಅಷ್ಟು ಸುಮ್ಮನಿದ್ದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನಾನು ಸೈಕಲ್ ಬಿಟ್ಟು ಹೆಸರು ಹಿಡಿದು ಕೂಗಿದೆ. ಎಲ್ಲರೂ ತಿರುಗಿದರು. ನೀರಿನಲ್ಲಿದ್ದವನೊಬ್ಬ ಗಳು ಎತ್ತಿ ಹಿಡಿದು, "ಅಕ್ಕಾ, ಇವ್ರೇನಾ? ಸೈಕಲ್ ಸಮೇತ ಚೆನ್ನಾಗವ್ರಲ್ಲಾ!" ಎಂದ.

ಅವಳು ಬಂದು ನನ್ನ ಎದೆಯ ಮೇಲೆ, ಡಾಕ್ಟರು ಜೋಪಾನ ಎಂದಿದ್ದ ಆ ಎದೆಯ ಮೇಲೆಯೇ, ಎರಡೂ ಕೈಯಲ್ಲಿ ಗುದ್ದಿದಳು. "ಎಲ್ಲಿ ಸಾಯಕ್ಕೋಗಿದ್ರಿ! ಕಡವುಳೇ! ಎಲ್ಲಿ ಸಾಯಕ್ಕೋಗಿದ್ರಿ!" ಆಮೇಲೆ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತು ಜೋರಾಗಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಒದ್ದೆ ಪಂಚೆಯ ಗಂಡಸರು ಮುಖ ತಿರುಗಿಸಿಕೊಂಡು ಬೀಡಿ ಹಚ್ಚಿದರು. ಅವರಲ್ಲೊಬ್ಬರ ಮನೆಯಿಂದ ಚೊಂಬಿನಲ್ಲಿ ಟೀ ಬಂತು. ಅದು ಎಷ್ಟು ರುಚಿಯಾಗಿತ್ತು!

ಜನ ಚದುರಿದ ಮೇಲೆ ಅವಳು ಮಾತಾಡಿದಳು. "ಚಿಕ್ಕೋಳಿದ್ದಾಗ ಮೈನ್ಸಲ್ಲಿ ನೆಲ ಅದುರಿದ್ರೆ ಸಾಕು, ಒಳಗೆ ಬಂಡೆ ಕುಸೀತು ಅಂತ ಅಮ್ಮ ಒಲೆ ಮೇಲಿನ ಸಾರು ಅಂಗೇ ಬಿಟ್ಟು ನನ್ ಕೈ ಇಡ್ಕೊಂಡು ಶಾಫ್ಟ್ ಅತ್ರ ಓಡೋಳು. ಅಪ್ಪ ಮೇಲೆ ಬರೋವರ್ಗೂ ಆ ಬಾಯನ್ನೇ ನೋಡ್ತಾ ನಿಂತಿರ್ಬೇಕು. ಗಣಿಗೆ ಇಳಿಯೋನ್ನ ಮಾತ್ರ ಮದ್ವೆ ಆಗಲ್ಲ ಅಂತ ಅವತ್ತೇ ಅಂದ್ಕೊಂಡಿದ್ದೆ. ಇವತ್ತು ನೀವು ಅಂಗೇ ನಿಲ್ಸಿದ್ರಿ."

"ದಿನ್ನೆ ಹತ್ತಿ ಬಂದೆ" ಅಂದೆ. "ಒಂದು ಕಡೆಯೂ ಇಳೀಲಿಲ್ಲ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗೊತ್ತಾಯ್ತು. ಇಲ್ದಿದ್ರೆ ಇಷ್ಟು ಬೇಗ ಬರೋಕಾಗ್ತಿತ್ತಾ?" ಕಣ್ಣೊರೆಸಿಕೊಂಡು ಎದ್ದಳು. "ಇಷ್ಟು ದಿನ ನಿಮಗೇನಾದ್ರೂ ಆದ್ರೆ ಅಂತ ಹೆದ್ರಿ ನಿಮ್ ಇಂದಿಂದೇ ಬಂದೆ. ಇವತ್ತು ಆಗೇ ಓಯ್ತು ಅಂತ ಅಷ್ಟೊತ್ತು ನಿಂತಿದ್ದೆ. ಸತ್ತೋದೋರು ವಾಪಸ್ ಬಂದ್ರಿ. ಸಾಕು. ಇನ್ಮೇಲೆ ಹೆದ್ರೋಕೆ ನನ್ನಲ್ಲಿ ಏನೂ ಉಳ್ದಿಲ್ಲ. ನಾನು ಮುಂದೆ ಓಗ್ತೀನಿ, ನೀವು ನಿಮ್ ಪಾಡಿಗೆ ಬನ್ನಿ."

ನಾನು ತಮಾಷೆಯೆಂದುಕೊಂಡೆ. ಅವಳು ಸ್ಕೂಟಿ ಹತ್ತಿ ಹೊರಟೇಬಿಟ್ಟಳು. ನಾನು ಸೈಕಲ್ ಎತ್ತಿಕೊಂಡು ರಸ್ತೆಗೆ ಬರುವಷ್ಟರಲ್ಲಿ ಅವಳು ತೋಪಿನ ಆಚೆ ಒಂದು ಟ್ರಾಕ್ಟರನ್ನು ಹಿಂದೆ ಹಾಕಿ, ಸೆರಗು ಹಾರಿಸಿಕೊಂಡು, ಒಮ್ಮೆಯೂ ತಿರುಗಿ ನೋಡದೆ ಹೋಗುತ್ತಿದ್ದಳು. ತಿಂಗಳುಗಟ್ಟಲೆ ಹಿಂದೆಯೇ ಇದ್ದವಳು ಓಡಿಸುವುದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ನನ್ನ ಹೆಂಡತಿಗೆ ಇಷ್ಟು ಜೋರಾಗಿ ಓಡಿಸಲು ಬರುತ್ತದೆ ಎಂಬುದು ನನಗೆ ಆವತ್ತೇ ಗೊತ್ತಾದದ್ದು.