ಸಾಲಿನಲ್ಲಿ ಉಳಿದ ಒಂದು ಜೋಡಿ

ಸರ್ವರಬೇಗಂ ಬಗ್ಗೆ ಬರೆಯುವುದಾದರೆ ಮೊದಲು ಅವಳ ಬಾಯಿಯ ಬಗ್ಗೆ ಬರೆಯಬೇಕು. ಗಾಣಗಾಪುರದ ಸಂಗಮದಲ್ಲಿ, ಭೀಮಾ ನದಿಗೆ ಇಳಿಯುವ ಮೆಟ್ಟಿಲುಗಳ ಮೇಲುಗಡೆ, ನನ್ನ ತೆಂಗಿನಕಾಯಿ ಅಂಗಡಿಗೆ ಒತ್ತಿಕೊಂಡೇ ಅವಳ ಚಪ್ಪಲಿ ಸ್ಟ್ಯಾಂಡ್ ಇದೆ. ಸ್ನಾನಕ್ಕೆ ಬಂದ ಯಾತ್ರಿಕರು ಅಲ್ಲಿ ಚಪ್ಪಲಿ ಬಿಟ್ಟು ತಗಡಿನ ಬಿಲ್ಲೆ ಇಸಿದುಕೊಂಡು ಹೋಗುತ್ತಾರೆ, ತಿರುಗಿ ಬಂದು ಬಿಲ್ಲೆ ಕೊಟ್ಟು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಯಾರಾದರೂ ಚಪ್ಪಲಿ ಎಸೆದು ಹೋದರೆ ಮುಗಿಯಿತು. ನಾಲ್ಕು ಜನರ ಎದುರಿಗೆ ವಾಪಸ್ ಕರೆದು, ಅವರ ಕೈಯಿಂದಲೇ ಜೋಡಿಸಿ ಇಡಿಸಿ, ಆಮೇಲೆ ಬಿಲ್ಲೆ ಕೊಡುತ್ತಾಳೆ. ಕಾರಿನಲ್ಲಿ ಬಂದ ಸಾಹುಕಾರರಾದರೂ ಅಷ್ಟೇ, ಟೆಂಪೋದಲ್ಲಿ ಬಂದ ಕೂಲಿಯವರಾದರೂ ಅಷ್ಟೇ. ನನಗೂ ಅವಳಿಗೂ ವಾರಕ್ಕೊಂದು ಜಗಳ ಖಾಯಂ. ಅವಳ ಗಿರಾಕಿಗಳು ನನ್ನ ಅಂಗಡಿಗೆ ಅಡ್ಡ ನಿಲ್ಲುತ್ತಾರೆ, ನನ್ನ ತೆಂಗಿನ ಸಿಪ್ಪೆ ಅವಳ ಜಾಗಕ್ಕೆ ಹಾರುತ್ತದೆ. ಜಗಳ ಮುಗಿದ ಮೇಲೆ ಇಬ್ಬರೂ ಒಂದೇ ಕೇಟಲಿಯ ಚಹಾ ಕುಡಿಯುತ್ತೇವೆ. ನನ್ನ ಹೆಸರು ಭಾಗಮ್ಮ. ನನ್ನ ವಿಷಯ ಇಷ್ಟು ಸಾಕು.

ಅವಳ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಾತ್ರಿಕರು ಹೊಳೆಯ ಕಡೆ ಮುಖ ಮಾಡಿ ಚಪ್ಪಲಿ ಬಿಡುತ್ತಾರೆ. ಅವರು ಅತ್ತ ಹೋದ ಕೂಡಲೇ ಸರ್ವರಬೇಗಂ ಬಗ್ಗಿ ಪ್ರತಿ ಜೋಡಿಯನ್ನೂ ಊರ ಕಡೆ ತಿರುಗಿಸಿ ಇಡುತ್ತಾಳೆ. ಒದ್ದೆ ಕಾಲಲ್ಲಿ ಬಂದವರು ತಡಕಾಡಬಾರದು, ಮೆಟ್ಟಿಕೊಂಡು ಸೀದಾ ಮನೆಗೆ ನಡೆಯಬೇಕು ಅನ್ನುವುದು ಅವಳ ಲೆಕ್ಕ. ಹುಣ್ಣಿಮೆಯ ಗದ್ದಲದಲ್ಲಿ ಸಾವಿರಾರು ಚಪ್ಪಲಿ ಬಂದರೂ ಇದನ್ನು ಬಿಟ್ಟವಳಲ್ಲ. ಸೊಂಟ ನೋವು ಅಂತ ರಾತ್ರಿ ನರಳುವುದೂ ಇದಕ್ಕೇ.

ನಮ್ಮ ಸೀಮೆಯಲ್ಲಿ ಗುಡ್ಡಬೆಟ್ಟ ಇಲ್ಲ, ಇರುವುದು ಹೊಳೆ. ಸ್ನಾನಕ್ಕೆ ಇಳಿದವರು ಜಾರುತ್ತಾರೆ, ಮಳೆಗಾಲದಲ್ಲಿ ಹೊಲದಲ್ಲಿದ್ದವರು ನೀರಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ಅಂಥವರನ್ನು ಹುಡುಕಿ ತರಲು ಊರಿನ ಗಂಡಸರು ಸೇರಿ ಒಂದು ತಂಡ ಮಾಡಿಕೊಂಡಿದ್ದಾರೆ. ಸಂಬಳ ಇಲ್ಲ, ಸರಕಾರದ ಅಂಗಿ ಇಲ್ಲ. ಮುಖಂಡ ರೇವಣಪ್ಪ, ಹರಗೋಲು ಹಾಕುತ್ತಿದ್ದ ಮನೆತನದವನು. ಎಲ್ಲರಿಗಿಂತ ಚೆನ್ನಾಗಿ ಈಜುವವನು ಸರ್ವರಬೇಗಂ ಮಗ ಜಾವೀದ. ಅವಳಿಗೆ ಇರುವುದು ಅವನೊಬ್ಬನೇ. ಉಳಿದ ದಿನ ಆಟೋ ಹೊಡೆಯುತ್ತಾನೆ, ಹೊಳೆ ಕರೆದರೆ ಆಟೋ ಇದ್ದಲ್ಲೇ ಬಿಟ್ಟು ಓಡುತ್ತಾನೆ.

ತಂಡಕ್ಕೆ ಬೇಕಾದ್ದೆಲ್ಲ ಊರೇ ಕೊಡುತ್ತದೆ. ಪಂಕ್ಚರ್ ಅಂಗಡಿಯ ಆಫ್ತಾಬ ಲಾರಿ ಟ್ಯೂಬುಗಳನ್ನು ಒಟ್ಟುಮಾಡಿ, ಮೇಲೆ ಹಲಗೆ ಬಿಗಿದು ತೆಪ್ಪ ಕಟ್ಟಿಕೊಟ್ಟಿದ್ದಾನೆ. ಹಗ್ಗ ನಮ್ಮ ಕಾಯಿ ಅಂಗಡಿಯವರದು, ಪ್ರತಿ ಮಳೆಗಾಲಕ್ಕೆ ಹೊಸದು. ಲಾಜಿನವರು ಚಾದರ ಕಳಿಸುತ್ತಾರೆ. ಹೊಳೆ ಏರಿದ ದಿನ ಯಾವ ಓಣಿಯಿಂದ ರೊಟ್ಟಿ, ಯಾವ ಓಣಿಯಿಂದ ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಅನ್ನುವುದು ಕೇಳದೆಯೇ ಗೊತ್ತಿರುತ್ತದೆ. ನನಗೆ ಸಿಟ್ಟು ಬರುವುದು ಕೆಲಸ ಮುಗಿದ ಮೇಲೆ ಇಸ್ತ್ರಿ ಅಂಗಿ ತೊಟ್ಟು ತಂಡಕ್ಕೆ ಹಾರ ತರುವವರ ಮೇಲೆ. ಹಗ್ಗ ಹಿಡಿಯಲು ಕರೆದಾಗ ಇವರು ಸಿಗುವುದಿಲ್ಲ, ಫೋಟೋ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ.

ಚಪ್ಪಲಿಯ ಪದ್ಧತಿ ಬಂದದ್ದು ಒಂದು ಕಳವಿನಿಂದ. ಒಮ್ಮೆ ರೇವಣಪ್ಪ ಮುಳುಗುತ್ತಿದ್ದ ಯಾರನ್ನೋ ಎಳೆದು ತಂದು ನೋಡಿದರೆ ದಡದಲ್ಲಿ ಬಿಟ್ಟ ಚಪ್ಪಲಿ ಮಾಯ. ಮೇ ತಿಂಗಳ ಬಿಸಿಲಿನಲ್ಲಿ ಪಾಪ, ಬರಿಗಾಲಲ್ಲಿ ಕುಣಿಯುತ್ತ ಮನೆಗೆ ಹೋದ. ಸರ್ವರಬೇಗಂ ಅದನ್ನು ತನಗೇ ಆದ ಅವಮಾನ ಅಂದುಕೊಂಡಳು. ಅವತ್ತಿನಿಂದ, ತಂಡದಿಂದ ನೀರಿಗೆ ಇಳಿಯುವವರು ಚಪ್ಪಲಿಯನ್ನು ತನ್ನ ಕೈಗೇ ಕೊಟ್ಟು ಇಳಿಯಬೇಕು ಅಂತ ಹುಕುಂ ಮಾಡಿದಳು. ಅವರಿಗೆ ಬಿಲ್ಲೆ ಇಲ್ಲ. ಮೆಟ್ಟಿಲ ಮೇಲೆ ಒಂದು ಸಾಲು, ಎಲ್ಲವೂ ಊರ ಕಡೆ ಮುಖ. ಬರುಬರುತ್ತ ಅದೇ ಒಂದು ಹಾಜರಿ ಆಯಿತು. ಎಲ್ಲರೂ ಮೇಲೆ ಬಂದರೇ ಅಂತ ಯಾರೂ ತಲೆ ಎಣಿಸುವುದಿಲ್ಲ, ಸಾಲು ಖಾಲಿಯಾಯಿತೇ ಅಂತ ಅವಳನ್ನು ಕೇಳುತ್ತಾರೆ. ಹುಣ್ಣಿಮೆಗೆ ಬರುವ ಪರವೂರಿನವರಿಗೂ ಈಗ ಇದು ಗೊತ್ತು.

ಹೋದ ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆ ಮಳೆ ಹಿಡಿದದ್ದು ಬಿಡಲಿಲ್ಲ. ಸೊನ್ನದ ಬ್ಯಾರೇಜಿನಿಂದ ನೀರು ಬಿಟ್ಟರು, ಸಂಗಮದ ಕೆಳಗಿನ ಮೆಟ್ಟಿಲುಗಳು ಮುಳುಗಿದವು. ಪೊಲೀಸರು ಯಾತ್ರಿಕರನ್ನು ಊರಲ್ಲೇ ತಡೆದರು. ಸ್ಟ್ಯಾಂಡಿನಲ್ಲಿ ಒಂದು ಜೋಡಿ ಚಪ್ಪಲಿ ಇಲ್ಲ, ನನ್ನ ಅಂಗಡಿಯಲ್ಲಿ ಒಂದು ಕಾಯಿ ಒಡೆದಿಲ್ಲ. ಮಧ್ಯಾಹ್ನ ಸುದ್ದಿ ಬಂತು. ಹೊಳೆಯ ನಡುವಿನ ದಿಬ್ಬದ ಕಬ್ಬಿನ ಹೊಲದಲ್ಲಿ ಕಲ್ಯಾಣಕುಮಾರ, ಅವನ ಹೆಂಡತಿ ಸೀಮಾ ಮತ್ತು ಅವರ ಸಣ್ಣ ಮಗಳು ಪಂಪಿನ ಶೆಡ್ಡು ಹತ್ತಿ ಕೂತಿದ್ದಾರೆ, ಫೋನು ಸತ್ತಿದೆ.

ತಂಡದವರು ಒಬ್ಬೊಬ್ಬರಾಗಿ ಚಪ್ಪಲಿ ಅವಳ ಕೈಗಿತ್ತು ಇಳಿದರು. ಹಗ್ಗದ ತುದಿಯನ್ನು ದಡದ ಬೇವಿನ ಮರಕ್ಕೆ ಬಿಗಿದರು. ತೆಪ್ಪ ಕೆಂಪು ನೀರಿನಲ್ಲಿ ಅಡ್ಡಡ್ಡ ಹೋಗುತ್ತಿದ್ದರೆ ದಡದಲ್ಲಿ ನಿಂತ ಊರೆಲ್ಲ ಅದೇ ಕಡೆ ನೋಡುತ್ತಿತ್ತು. ನಡುವೆ ಒಮ್ಮೆ ಸರ್ವರಬೇಗಂ ಚಾದರ ತರಲು ನನ್ನ ಅಂಗಡಿಯವರೆಗೆ ಬಂದು ಹೋದಳು. ಚಾದರದ ಗಂಟು ಬಿಚ್ಚಿ ಕೊಡಲು ನಾನೂ ತಡ ಮಾಡಿದೆ. ಅಷ್ಟರಲ್ಲಿ ತೆಪ್ಪ ದಿಬ್ಬ ಮುಟ್ಟಿತು. ಅಲ್ಲಿಂದ ಮೂವರನ್ನೂ ಹತ್ತಿಸಿಕೊಂಡು ತಿರುಗಿ ಬಂತು. ಮಗುವನ್ನು ಮೊದಲು ಇಳಿಸಿದವನು ಜಾವೀದ.

ದಡದಲ್ಲಿ ಸಂತೋಷವೋ ಸಂತೋಷ. ಸೀಮಾಳನ್ನೂ ಮಗುವನ್ನೂ ನನ್ನ ಅಂಗಡಿಯಲ್ಲಿ ಕೂರಿಸಿ ಚಾದರ ಹೊದಿಸಿದರು. ಕಲ್ಯಾಣಕುಮಾರ ಅಲ್ಲೇ ಕಟ್ಟೆಗೆ ಒರಗಿ ಕಣ್ಣು ಮುಚ್ಚಿದ. ಹಾರದವರು ಬಂದರು. ತಂಡದವರು ಚಪ್ಪಲಿ ಮೆಟ್ಟಿಕೊಂಡು ಚಹಾ ಹಿಡಿದರು. ಆಗ ಸರ್ವರಬೇಗಂ ಸಾಲಿನ ತುದಿಯಲ್ಲಿ ನಿಂತವಳು ಕದಲಲಿಲ್ಲ. ಅಲ್ಲಿ ಇನ್ನೂ ಒಂದು ಜೋಡಿ ಇತ್ತು.

ಟೈರಿನ ಅಟ್ಟೆಯ ಹಳೆಯ ಚಪ್ಪಲಿ. ತಂಡದವರದಲ್ಲ. ಮುಖ ಹೊಳೆಯ ಕಡೆ ಇತ್ತು, ಅಂದರೆ ಅವಳ ಕೈಯಿಂದ ಇಟ್ಟದ್ದೂ ಅಲ್ಲ. ಯಾರೋ ಯಾತ್ರಿಕರು ಮರೆತಿರಬೇಕು ಬಿಡು ಅಂದೆ ನಾನು. ಇವತ್ತು ಯಾತ್ರಿಕರು ಎಲ್ಲಿಂದ ಬಂದರು ಅಂತ ನನ್ನನ್ನೇ ಕೇಳಿದಳು. ಬಗ್ಗಿ ಒಂದನ್ನು ಎತ್ತಿದಳು. ಅಟ್ಟೆಗೆ ಹಸಿ ಎರೆಮಣ್ಣು ಮೆತ್ತಿತ್ತು. ಇನ್ನೊಂದರ ಬಾರಿನ ಒಳಗೆ ಒಂದು ಚಂಚಿಯನ್ನು ತುರುಕಿ ಇಟ್ಟಿದ್ದರು.

ಚಂಚಿ ಅಂದರೆ ಎಲೆ, ಅಡಿಕೆ, ತಂಬಾಕು ಇಟ್ಟುಕೊಳ್ಳುವ ಬಟ್ಟೆಯ ಚೀಲ. ನಮ್ಮ ಕಡೆಯ ಹಿರಿಯ ಗಂಡಸರು ಅದನ್ನು ಸೊಂಟದಿಂದ ಬಿಚ್ಚುವುದು ಮಲಗುವಾಗ ಮಾತ್ರ. ಅದನ್ನು ಚಪ್ಪಲಿಯಲ್ಲಿ ಬಿಟ್ಟು ಯಾರೂ ಮನೆಗೆ ಹೋಗುವುದಿಲ್ಲ. ತಂಬಾಕು ನೆನೆಯಬಾರದು ಅನ್ನುವವರು ಮಾತ್ರ ಹಾಗೆ ಇಡುತ್ತಾರೆ.

ಅವಳು ಅದನ್ನು ರೇವಣಪ್ಪನಿಗೆ ತೋರಿಸಿದಳು. ಅವನು ಕೆಟ್ಟವನಲ್ಲ, ಅವನ ಮಾತಿನಲ್ಲಿ ತಪ್ಪೂ ಇರಲಿಲ್ಲ. ಯಾರಾದರೂ ಇಳಿದದ್ದನ್ನು ಕಂಡವರಿಲ್ಲ, ಕೂಗಿದ್ದನ್ನು ಕೇಳಿದವರಿಲ್ಲ, ನೀರು ಏರುತ್ತಿದೆ, ಹುಡುಗರ ತೋಳು ಸೋತಿವೆ. ಒಂದು ಜೋಡಿ ಚಪ್ಪಲಿ ನಂಬಿ ಇವರನ್ನು ಮತ್ತೆ ಹೊಳೆಗೆ ಹೇಗೆ ಇಳಿಸಲಿ ಅಂತ ಕೇಳಿದ. ಇಳಿಯುವುದಾದರೆ ತೆಪ್ಪದ ಮುಂದೆ ಜಾವೀದನೇ ಇರಬೇಕಾಗುತ್ತದೆ, ಬೇರೆ ಯಾರಿಗೂ ಆ ಸೆಳೆತದಲ್ಲಿ ತೆಪ್ಪ ತಿರುಗಿಸುವ ಕಸುವು ಉಳಿದಿಲ್ಲ ಅಂತಲೂ ಹೇಳಿದ.

ಸರ್ವರಬೇಗಂ ಆ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿ ಸುಮ್ಮನಾಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನಂತೂ ಅನ್ನುತ್ತಿರಲಿಲ್ಲ. ಅವಳ ಮಗ ಅದೇ ತಾನೇ ಜೀವ ಕೈಯಲ್ಲಿ ಹಿಡಿದು ಬಂದಿದ್ದ, ಅರ್ಧ ಕಪ್ಪು ಚಹಾ ಇನ್ನೂ ಕುಡಿದಿರಲಿಲ್ಲ.

ಅವಳು ಮಗನ ಜೊತೆ ಯಾವತ್ತೂ ಉರ್ದುವಿನಲ್ಲೇ ಮಾತಾಡುವವಳು. ಅವತ್ತು ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದಳು.

"ಜಾವೀದ, ಈ ಚಪ್ಪಲಿ ಹಾಕ್ಕೊಳ್ಳೋರು ನೀರಾಗ ಇದ್ದಾರ. ನಿನ್ನ ಚಪ್ಪಲಿ ನನ್ನ ಕೈಯಾಗ ಕೊಡು. ಹೋಗಿ ಬಾ."

ಜಾವೀದ ಚಹಾ ಕೆಳಗಿಟ್ಟ. ಚಪ್ಪಲಿ ಕಳಚಿ ತಾಯಿಯ ಕೈಗಿತ್ತ. ರೇವಣಪ್ಪ ತನ್ನವನ್ನೂ ಕಳಚಿ ಕೊಟ್ಟ. ಆಫ್ತಾಬ ಟ್ಯೂಬುಗಳ ಗಂಟು ಎಳೆದೆಳೆದು ನೋಡಿದ. ಈ ಸಲ ತೆಪ್ಪವನ್ನು ಹೊಳೆಯ ತಿರುವಿನಾಚೆ, ದಡದಿಂದ ಕಾಣದ ಜಾಲಿಗಿಡಗಳ ಕಡೆಗೆ ಹಗ್ಗದಲ್ಲೇ ಇಳಿಬಿಡಬೇಕಿತ್ತು, ಸೆಳೆತ ಒಯ್ದದ್ದೆಲ್ಲ ಹೋಗಿ ಸಿಕ್ಕಿಕೊಳ್ಳುವುದು ಅಲ್ಲೇ. ಮರಕ್ಕೆ ಕಟ್ಟಿದರೆ ಆಗದು, ಕೈಯಲ್ಲಿ ಹಿಡಿದು ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ನಾನು ಹಾರದವರ ಕಡೆ ತಿರುಗಿ, ಹಾರ ಕೆಳಗಿಟ್ಟು ಹಗ್ಗ ಹಿಡೀರಿ ಅಂದೆ. ಹೇಗೆ ಅಂದೆನೋ, ಇಟ್ಟರು. ಓಣಿಯವರು, ಲಾಜಿನವರು, ರೊಟ್ಟಿ ತಂದ ಹೆಂಗಸರು, ಇಸ್ತ್ರಿ ಅಂಗಿಯವರು, ಎಲ್ಲ ಒಂದೇ ಹಗ್ಗಕ್ಕೆ ನಿಂತರು. ಆ ಸಾಲು ನೋಡಿ ನನಗೆ ಧೈರ್ಯ ಬಂತು.

ತೆಪ್ಪ ತಿರುವಿನಲ್ಲಿ ಮರೆಯಾದ ಮೇಲೆ ಸೀಮಾ ಚಾದರ ಹೊದ್ದುಕೊಂಡೇ ಮೆಟ್ಟಿಲಿಗೆ ಬಂದಳು. ಏನು ನಡೆದಿದೆ ಅಂತ ಕೇಳಲು ಬಂದವಳು ಸಾಲಿನಲ್ಲಿದ್ದ ಚಂಚಿ ನೋಡಿ ಅಲ್ಲೇ ಕುಸಿದಳು.

"ಇದು ನಮ್ಮಪ್ಪಂದು," ಅಂದಳು. "ನಾನೇ ಹೊಲಿದು ಕೊಟ್ಟಿದ್ದೆ."

ಅವಳ ತಂದೆಯ ಹೆಸರು ದೊಡ್ಡಪ್ಪ, ಆಳಂದ ತಾಲೂಕಿನ ನಿಂಬರ್ಗಾದವರು. ನೀರು ಬಂತು ಅಂತ ಕಲ್ಯಾಣಕುಮಾರ ಬೆಳಗ್ಗೆ ಮಾವನಿಗೆ ಫೋನು ಮಾಡಿದ್ದನಂತೆ, ಆಮೇಲೆ ಫೋನು ಸತ್ತಿತ್ತು. ಮಗಳು ನೀರಿನ ನಡುವೆ ಅಂದ ಮೇಲೆ ಯಾವ ತಂದೆ ಮನೆಯಲ್ಲಿ ಕೂರುತ್ತಾನೆ? ಸಿಕ್ಕ ಗಾಡಿ ಹತ್ತಿ ಬಂದು, ನಾವು ಚಾದರದ ಗಂಟು ಬಿಚ್ಚುತ್ತಿದ್ದಾಗ ಚಪ್ಪಲಿ ಬಿಟ್ಟು ನೀರಿಗೆ ಇಳಿದಿದ್ದಾರೆ. ನಿಂಬರ್ಗಾದವರು ಬಾವಿಯಲ್ಲಿ ಚೆನ್ನಾಗಿ ಈಜುತ್ತಾರೆ, ಆದರೆ ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ.

ಈಗ ಹೊಳೆಯಲ್ಲಿ ಒಬ್ಬರ ತಂದೆ, ಒಬ್ಬರ ಮಗ. ಇಬ್ಬರು ಹೆಂಗಸರೂ ಒಂದೇ ಮೆಟ್ಟಿಲ ಮೇಲೆ ಕೂತರು. ಸರ್ವರಬೇಗಂ ಸೀಮಾಳ ಬೆನ್ನ ಮೇಲೆ ಕೈ ಇಟ್ಟು, ಬರ್ತಾರ, ಬರ್ತಾರ ಅನ್ನುತ್ತಿದ್ದಳು. ಗಟ್ಟಿ ದನಿ, ಸ್ವಲ್ಪವೂ ನಡುಗಲಿಲ್ಲ. ಆದರೆ ನಾನು ನೋಡಿದೆ. ರೇವಣಪ್ಪನ ಚಪ್ಪಲಿ ಸಾಲಿನಲ್ಲಿತ್ತು, ಊರ ಕಡೆ ಮುಖ. ದೊಡ್ಡಪ್ಪನವರ ಜೋಡಿಯನ್ನೂ ತಿರುಗಿಸಿ ಇಟ್ಟಿದ್ದಳು. ಜಾವೀದನದು ಮಾತ್ರ ಸಾಲಿನಲ್ಲಿರಲಿಲ್ಲ. ಇನ್ನೊಂದು ಕೈಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದಿದ್ದಳು, ಅವಳ ಸೀರೆಯೆಲ್ಲ ಕೆಸರಾಗಿತ್ತು.

ಹಗ್ಗ ಒಮ್ಮೆ ಸಡಿಲಾಯಿತು. ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಭೀಮೆಯ ಮೇಲೆಯೇ ಸಿಟ್ಟು ಬಂತು, ಇಷ್ಟು ವರ್ಷ ಕಾಯಿ ಒಡೆದದ್ದು ಯಾಕೆ ಅಂತ. ಆಮೇಲೆ ಹಗ್ಗ ಜಗ್ಗಿತು. ಬಿಟ್ಟು ಬಿಟ್ಟು ಮತ್ತೆ ಜಗ್ಗಿತು. ಎಳೆಯಿರಿ ಅಂತ ಅದರ ಅರ್ಥ. ಎಳೆದರು ನೋಡಿ, ಊರಿಗೆ ಊರೇ ಎಳೆಯಿತು. ತಿರುವಿನಿಂದ ಮೊದಲು ತೆಪ್ಪದ ತುದಿ ಕಂಡಿತು, ಆಮೇಲೆ ಜಾವೀದನ ತಲೆ, ಆಮೇಲೆ ರೇವಣಪ್ಪನ ಎದೆಗೆ ಒರಗಿದ್ದ ಒಬ್ಬ ಮುದುಕ.

ದೊಡ್ಡಪ್ಪನವರ ಕೈ ಎದೆಯೆಲ್ಲ ಜಾಲಿಮುಳ್ಳಿನ ಗೀರು. ಸೆಳೆತ ಒಯ್ದು ಗಿಡಕ್ಕೆ ತಗುಲಿಸಿದ್ದೇ ಪುಣ್ಯ, ಕೊಂಬೆ ತಬ್ಬಿಕೊಂಡೇ ಇದ್ದರಂತೆ. ಕೂಗಿದರೂ ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಲ್ಲ. ಸೀಮಾ ಅವರ ಕಾಲು ಹಿಡಿದು ಅಳುತ್ತಿದ್ದರೆ ಅವರು ಮಗಳ ತಲೆ ಸವರುತ್ತ, ಮೊಮ್ಮಗಳು ಎಲ್ಲಿ ಅಂತ ಕೇಳಿದರು. ಆಮೇಲೆ ಸರ್ವರಬೇಗಂಳನ್ನು ನೋಡಿದರು.

"ಸಾಲಿನಾಗ ಚಪ್ಪಲಿ ಇಟ್ಟು ಇಳಿದಿದ್ದೆ ತಾಯಿ. ನೀವು ನೋಡ್ತೀರಿ, ಯಾರರೆ ಬಂದೇ ಬರ್ತಾರ ಅಂತ ಗೊತ್ತಿತ್ತು. ಅದಕ್ಕ ಗಿಡ ಬಿಡಲಿಲ್ಲ."

ಹುಣ್ಣಿಮೆಗೆ ಬಂದಾಗೆಲ್ಲ ಆ ಸಾಲು ನೋಡಿದ್ದರಂತೆ. ಇಟ್ಟರೆ ಸಾಕು, ಹೇಳಿದಂತೆಯೇ ಅಂದುಕೊಂಡಿದ್ದಾರೆ. ಬೇರೆ ಯಾವ ಊರಿನ ಹೊಳೆಯಲ್ಲಾದರೂ ಒಬ್ಬ ಮನುಷ್ಯ ಚಪ್ಪಲಿ ನಂಬಿ ನೀರಿಗೆ ಇಳಿದಾನೇ? ನನ್ನ ಕಣ್ಣು ತುಂಬಿತು. ಸರ್ವರಬೇಗಂ ಕಣ್ಣು ಮಾತ್ರ ಕೆಂಡ.

"ಕೈಯಾಗ ಕೊಟ್ಟು ಇಳೀಬೇಕ್ರಿ," ಅಂದಳು. "ನೆಲಕ್ಕ ಇಟ್ಟು ಹೋಗೋದಲ್ಲ. ನಾ ನೋಡದಿದ್ರ?"

ಆ ವಯಸ್ಸಿನ ಮನುಷ್ಯ ತಪ್ಪು ಮಾಡಿದ ಮಗುವಿನಂತೆ ತಲೆ ಆಡಿಸಿದರು. ಅವಳು ಅವರ ಜೋಡಿಯನ್ನು ಕಾಲ ಮುಂದೆ ಇಟ್ಟು, ಚಂಚಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಕೊಟ್ಟಳು. ರೇವಣಪ್ಪ ತನ್ನದನ್ನು ತಾನೇ ಮೆಟ್ಟಿಕೊಂಡ. ಸಾಲು ಖಾಲಿಯಾಯಿತು.

ಜಾವೀದ ಬಂದು ತಾಯಿಯ ಎದುರು ನಿಂತ. ಅಮ್ಮಿ, ಚಪ್ಪಲಿ ಕೊಡು ಅಂದ. ಅವಳು ಕೊಡಲಿಲ್ಲ. ಕೊಡಬಾರದು ಅಂತಲ್ಲ, ಬೆರಳು ಬಿಚ್ಚುತ್ತಿರಲಿಲ್ಲ. ಕೊನೆಗೆ ನಾನು ಪಕ್ಕದಲ್ಲಿ ಕೂತು ಒಂದೊಂದೇ ಬೆರಳು ಬಿಡಿಸಿದೆ. ಅಂಗೈಯಲ್ಲಿ ಚಪ್ಪಲಿಯ ಬಾರಿನ ಗುರುತು ಕೆಂಪಗೆ ಮೂಡಿತ್ತು. ಅವಳು ಬಗ್ಗಿ ಅವನ ಕಾಲ ಬುಡದಲ್ಲಿ ಜೋಡಿ ಇಟ್ಟಳು, ಊರ ಕಡೆ ಮುಖ ಮಾಡಿ. ಆಮೇಲೆ ಅವನ ಮೊಣಕಾಲಿಗೆ ಹಣೆ ಹಚ್ಚಿ, ಇಡೀ ಸಂಗಮಕ್ಕೆ ಕೇಳುವಂತೆ ಅತ್ತಳು.

ಅತ್ತು ಮುಗಿದ ಮೇಲೆ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು, ಉರ್ದುವಿನಲ್ಲಿ ಮಗನಿಗೆ ಬೈಯಲು ಶುರು ಮಾಡಿದಳು. ಚಹಾ ಯಾಕೆ ಅರ್ಧ ಬಿಟ್ಟೆ, ತಲೆ ಯಾಕೆ ಒರೆಸಿಕೊಂಡಿಲ್ಲ ಅಂತ. ಮನೆ ಮುಟ್ಟುವವರೆಗೂ ಬೈದಳಂತೆ.