ಹಳೆಯ ಮನೆಯಲ್ಲಿ ಓ ಎಂದವರು

ಹೆಳವ ಬಂದ ಸುದ್ದಿ ತಿಳಿದಾಗ ನಾನು ಮಾಳಿಗೆಯ ಮೇಲೆ ಕೋಲುಗಳಿಗೆ ಶಾವಿಗೆ ಹಾಕುತ್ತಿದ್ದೆ. ಬೇಸಿಗೆಯ ಬೆಳಗು, ಮೊಣಕೈವರೆಗೆ ಹಿಟ್ಟು. ಮಗಳು ಸುಮಿ ಅಂಗಳದಿಂದಲೇ ಕೂಗಿದಳು: "ಅವ್ವಾ, ಲಗೂ ಇಳದ ಬಾ! ಎತ್ತಿನ ಮ್ಯಾಲೆ ಕುಂತು ಒಬ್ಬಾಂವ ಬಂದಾನ. ನಮ್ಮ ಮುತ್ತಜ್ಜನ ಹೆಸರ ಹೇಳಾಕತ್ಯಾನ!"

ಇದನ್ನು ಓದುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ದೇವರನ್ನು ನಂಬುವವಳು. ಹಣೆಗೆ ವಿಭೂತಿ ಇಲ್ಲದೆ ಒಲೆ ಹಚ್ಚಿದವಳಲ್ಲ. ಆದರೆ ದೆವ್ವ, ಗಾಳಿ, ಸೋಕು ಎಂದರೆ ನಗುತ್ತಿದ್ದೆ. ದೇವರಿರುವ ಮನೆಯಲ್ಲಿ ಮತ್ತೊಬ್ಬರಿಗೆ ಜಾಗವೆಲ್ಲಿ ಎನ್ನುತ್ತಿದ್ದೆ. ಓಣಿಯ ಹೆಂಗಸರು ಹೆದರಿದ ಕತೆ ಹೇಳಿದರೆ, "ನಿಮಗ ಕೆಲಸ ಕಡಿಮಿ ಆಗ್ಯಾವ, ಬರ್ರಿ, ನಮ್ಮ ಮನಿ ಜ್ವಾಳ ಹಸನ ಮಾಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಆ ಬೇಸಿಗೆಯ ನಂತರ ಹಾಗೆ ಅಂದಿಲ್ಲ.

ನಮ್ಮ ಯಜಮಾನರು ಆಗ ರೋಣದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಅವರಿಗೆ ಇದ್ದ ಚಟ ಎರಡೇ. ಒಂದು ಓದು, ಇನ್ನೊಂದು ಹಳೆಯ ಮನೆ. ಸೂಟಿ ಬಿಟ್ಟರೆ ಸಾಕು, ನರಗುಂದದಲ್ಲೊಂದು ವಾಡೆ ಇದೆಯಂತೆ, ಗಜೇಂದ್ರಗಡದಲ್ಲಿ ಕೆತ್ತಿದ ಕಂಬದ ಮನೆ ಇದೆಯಂತೆ ಎಂದು ನಮ್ಮನ್ನು ಬಸ್ಸು ಹತ್ತಿಸುತ್ತಿದ್ದರು. ಗುರುತಿಲ್ಲದವರ ಬಾಗಿಲು ಬಡಿದು, ಈ ಮನೆ ಕಟ್ಟಿಸಿದವರು ಯಾರು ಎಂದು ಕೇಳುವ ಅವರ ಹಿಂದೆ ನಾನು ರೊಟ್ಟಿಯ ಗಂಟು ಹಿಡಿದು ನಿಂತಿರುತ್ತಿದ್ದೆ. "ಬ್ಯಾರೆಯವ್ರು ಹೆಂಡ್ತೀನ ಸಿನಿಮಾಕ್ಕ ಕರಕೊಂಡ ಹೋಗ್ತಾರ. ನೀವು ಮಂದೀ ಹಾಳ ಮನಿ ತೋರಿಸ್ತೀರಿ" ಎಂದರೆ, "ಹಾಳು ಅನಬ್ಯಾಡ, ಅದು ಇತಿಹಾಸ" ಎನ್ನುತ್ತಿದ್ದರು. ಆ ವರ್ಷ ಮಂದಿಯ ಇತಿಹಾಸ ಸಾಕಾಗಿ ತಮ್ಮದೇ ಮನೆತನದ ವಂಶಾವಳಿ ಬರೆಯಲು ಹೊಸ ನೋಟುಬುಕ್ಕು ತಂದಿದ್ದರು. ಅದೇ ಹೊತ್ತಿಗೆ ಹೆಳವ ಬಂದ.

ಹೆಳವರು ನಮ್ಮ ಕಡೆಯ ಮನೆತನಗಳ ಹೆಸರುಗಳನ್ನು ತಲೆಮಾರುಗಟ್ಟಲೆ ಕಾಯ್ದುಕೊಂಡು ಬಂದವರು. ಕೆಲವು ವರ್ಷಕ್ಕೊಮ್ಮೆ ಬಂದು, ಯಾರಿಗೆ ಯಾರು ಹುಟ್ಟಿದರು, ಯಾವ ಊರಿನಿಂದ ಯಾವ ಊರಿಗೆ ಬಂದರು ಎಂದು ಹಾಡಿದಂತೆ ಹೇಳುತ್ತಾರೆ. ನಾವು ಮೊರದ ತುಂಬ ಜೋಳ, ಒಂದು ಧೋತರ ಕೊಟ್ಟು ಕಳಿಸುತ್ತೇವೆ. ಅಂದು ಅವನು ಪಡಸಾಲೆಯಲ್ಲಿ ಕುಳಿತು ತನ್ನ ಹಳೆಯ ಪುಸ್ತಕ ಬಿಚ್ಚಿ ಹೇಳುತ್ತ ಹೋದ, ಇವರು ಬರೆಯುತ್ತ ಹೋದರು. ಒಂದು ಕಡೆ ಅವನು ಓದದೆಯೇ ಹಾಳೆ ಮಗುಚಿದ.

"ಯಾಕ, ಏನರ ಬಿಟ್ಟಿ?" ಎಂದರು ಇವರು.

"ಇಲ್ಲೊಂದು ಹೆಣ್ಣುಮಗಳ ಹೆಸರೈತ್ರಿ ಯಜಮಾನ್ರ. ನಿಮ್ಮ ಹೊಸ್ತಲದ ಒಳಗ ಓದಬಾರದಂತ. ಯಾಕ ಅಂತ ಕೇಳಬ್ಯಾಡ್ರಿ, ನಮಗೂ ಗೊತ್ತಿಲ್ಲ. ನಿಮ್ಮ ಹಿರ್ಯಾರ ಹೇಳಿದ್ದು, ನಮ್ಮ ಹಿರ್ಯಾರ ಕೇಳಿದ್ದು."

ಇವರು ಬಿಡುತ್ತಾರೆಯೇ? ಅವನನ್ನು ಬೀದಿಗೆ ಕರೆದೊಯ್ದು, ಬೇವಿನ ಮರದ ಕೆಳಗೆ ನಿಲ್ಲಿಸಿ ಹೆಸರು ಹೇಳಿಸಿಕೊಂಡು ಬರೆದುಕೊಂಡರು. ಹೋಗುವಾಗ ಅವನು ನನ್ನ ಕಡೆ ನೋಡಿ, "ತಾಯಿ, ಬರದ್ರ ಬರಕೋರಿ. ಬಾಯಿ ಬಿಟ್ಟು ಓದಬ್ಯಾಡ್ರಿ" ಎಂದ. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡು ಮತ್ತೆ ಮಾಳಿಗೆ ಹತ್ತಿದೆ.

ನಾಲ್ಕು ದಿನ ಬಿಟ್ಟು ನಾವು ಮೂವರೂ ಅಸೂಟಿಗೆ ಹೋದೆವು. ಇವರ ಹಿರಿಯರು ಒಂದು ಕಾಲಕ್ಕೆ ಬಾಳಿದ ಮನೆ ಅಲ್ಲಿತ್ತು. ದಾಯಾದಿಗಳ ಪಾಲಿಗೆ ಹೋಗಿ, ಅವರೂ ಊರು ಬಿಟ್ಟು, ಬಹಳ ವರ್ಷಗಳಿಂದ ಬೀಗ ಬಿದ್ದಿತ್ತು. ಕೀಲಿಕೈ ಪಕ್ಕದ ಮನೆಯ ಮಾಬೂಬಿಯ ಹತ್ತಿರ. ಅವಳ ಗಂಡ ಗೌಂಡಿ. ಆ ಮನೆ ಪೂರ್ತಿ ಬೀಳದಂತೆ ಅಷ್ಟಿಷ್ಟು ಮಣ್ಣು ಮೆತ್ತುತ್ತಿದ್ದವನು ಅವನೇ.

ಮಾಬೂಬಿ ಬಾಗಿಲು ತೆರೆದು, ಮೊದಲು ತಾನೇ ಒಳಗೆ ಹೋಗಿ ಅಡುಗೆಮನೆ ದಾಟಿ ಹಿತ್ತಲ ಬಾಗಿಲಿನ ಚಿಲಕ ನೋಡಿ ಬಂದಳು. "ಒಳಗ ಎಲ್ಲಾ ಆರಾಮ ನೋಡ್ರಿ ಅಕ್ಕಾರ. ಹಿತ್ತಲಕ್ಕ ಮಾತ್ರ ಹುಡುಗೀನ ಬಿಡಬ್ಯಾಡ್ರಿ. ಹ್ವಾದ ಮಳಿಗಾಲದಾಗ ಹಗೇವಿನ ಚಪ್ಪಡಿ ಮುರದು ಬಾಯಿ ತೆರಕೊಂಡೈತಿ" ಎಂದಳು. ಹಗೇವು ಎಂದರೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯಬೇಕು. ಅವಸರ ಮಾಡಿ ಇಳಿದವರು ಕೂಗಲೂ ಸಮಯವಿಲ್ಲದೆ ಸತ್ತದ್ದನ್ನು ನಾನು ತವರಿನಲ್ಲಿ ಕೇಳಿದ್ದೆ. ಅದಕ್ಕೇ ಆ ಚಿಲಕವನ್ನು ನಾನೂ ಹೋಗಿ ನೋಡಿದೆ. ಕಬ್ಬಿಣದ ದಪ್ಪ ಚಿಲಕ, ನನ್ನ ತಲೆಗಿಂತ ಗೇಣು ಮೇಲೆ. ಬಿಗಿಯಾಗಿ ಬಿದ್ದಿತ್ತು.

ರೊಟ್ಟಿ ತಿಂದಾದ ಮೇಲೆ ಇವರು ತೊಲೆಗಳನ್ನು ಅಳೆಯುತ್ತೇನೆಂದು ಅಟ್ಟ ಹತ್ತಿದರು. ಮಟಮಟ ಮಧ್ಯಾಹ್ನ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ದಪ್ಪ ಮಣ್ಣಿನ ಗೋಡೆಯ ತಂಪು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಸುಮಿ ಅಪ್ಪನ ನೋಟುಬುಕ್ಕು ಹಿಡಿದು ನನ್ನ ಹತ್ತಿರವೇ ಕುಳಿತಿದ್ದಳು. ಒಂದನೇ ಇಯತ್ತೆ ಮುಗಿಸಿದ ಹುಡುಗಿ. ಹೊಸದಾಗಿ ಓದಲು ಬಂದಿದ್ದರಿಂದ ಬಸ್ಸಿನ ಬೋರ್ಡು, ಸಾಬೂನಿನ ಕಾಗದ ಯಾವುದನ್ನೂ ಬಿಡುತ್ತಿರಲಿಲ್ಲ. ಅಂದು ಸಾಲಿಯ ಆಟ ಆಡುತ್ತಿದ್ದಳು. ತಾನೇ ಅಕ್ಕೋರಾಗಿ ಹೆಸರು ಕರೆಯುವುದು, ತಾನೇ ಹುಡುಗರಾಗಿ ಹಾಜರಿ ಹೇಳುವುದು.

"ಸಂ-ಗ-ಪ್ಪ. ಹಾಜರ್ರೀ. ಬ-ಸ-ಪ್ಪ. ಹಾಜರ್ರೀ."

ಸತ್ತವರೆಲ್ಲ ಸಾಲಿಗೆ ಬರುತ್ತಿದ್ದಾರಲ್ಲ ಎಂದು ನನಗೆ ಕಣ್ಣು ಮುಚ್ಚಿದಲ್ಲೇ ನಗು ಬಂತು. ಹೆಳವನ ಮಾತು ನೆನಪಿಗೇ ಬರಲಿಲ್ಲ.

"ನೀ-ಲ-ವ್ವ."

"ಓ."

ಸುಮಿಯ ದನಿಯಲ್ಲ. ಅಡುಗೆಮನೆಯ ಕಡೆಯಿಂದ ಬಂದ ಹೆಂಗಸಿನ ದನಿ. ಜೋರಾಗಿಯೂ ಇರಲಿಲ್ಲ, ಭೀಕರವಾಗಿಯೂ ಇರಲಿಲ್ಲ. ಕೈಯಲ್ಲಿ ಕೆಲಸವಿದ್ದಾಗ ಯಾರಾದರೂ ಕರೆದರೆ ನಾವು ತಲೆ ಎತ್ತದೆ ಹೇಗೆ ಓಗೊಡುತ್ತೇವೋ ಹಾಗೆ.

ಕಣ್ಣು ಬಿಟ್ಟೆ. ಸುಮಿಯೂ ಆ ಕಡೆಗೇ ನೋಡುತ್ತಿದ್ದಳು. ಮಾಬೂಬಿ ಇರಬೇಕೆಂದು ನನಗೆ ನಾನೇ ಹೇಳಿಕೊಂಡೆ. "ಮಾಬೂಬೀ" ಎಂದು ಕರೆದೆ. ಎದ್ದು ಮುಂಬಾಗಿಲಿಗೆ ಹೋಗಿ ಹಣಿಕಿದೆ. ಮಾಬೂಬಿ ಬೀದಿಯ ಆಚೆ ನಳದ ಹತ್ತಿರ ಕೊಡ ತುಂಬುತ್ತ ನಿಂತಿದ್ದಳು. ಮೊದಲು ಅಡುಗೆಮನೆಗೆ ಹೋಗಬೇಕಿತ್ತು ನಾನು. ತಿರುಗಿ ನೋಡಿದರೆ ನೋಟುಬುಕ್ಕು ನೆಲದ ಮೇಲಿತ್ತು. ಸುಮಿ ಇರಲಿಲ್ಲ.

ಕೂಗಬೇಕೆಂದು ಬಾಯಿ ತೆರೆದೆ. ಕೂಗಲಿಲ್ಲ. ಹೆತ್ತ ಮಗಳ ಹೆಸರು ಹಿಡಿದು ಕರೆಯಲು ನನಗೆ ಹೆದರಿಕೆಯಾಯಿತು. ನಾನು ಸುಮೀ ಎಂದು ಕೂಗಿ, ಓ ಎಂದು ಇನ್ನಾರೋ ಅಂದುಬಿಟ್ಟರೆ? ಶಿವಶಿವಾ ಎನ್ನುತ್ತ ಆ ಕತ್ತಲೆ ಅಡುಗೆಮನೆಯನ್ನು ಓಡಿ ದಾಟಿದೆ. ಒಲೆಯ ಪಕ್ಕ ಬೀಸುವ ಕಲ್ಲು ಇತ್ತು. ಅದರ ಕಡೆ ನೋಡಲಿಲ್ಲ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಬೆಳ್ಳಗಿನ ಬಿಸಿಲು ಒಳಗೆ ಬಿದ್ದಿತ್ತು.

ಮುರಿದ ಚಪ್ಪಡಿ, ಕಪ್ಪು ಬಾಯಿ. ಅದರಿಂದ ಎರಡು ಮೊಳ ಈಚೆಗೆ ಸುಮಿ ನೆಲಕ್ಕೆ ಕೈಯೂರಿ ಬಗ್ಗಿದ್ದಳು. ಒಂದು ಕಾಲು ಹಿಂದಕ್ಕೆ ಚಾಚಿತ್ತು. ಬಿದ್ದು ನೋವಾಗಿದೆ ಎಂದುಕೊಂಡು ಎತ್ತಲು ಹೋದರೆ ಬರಲಿಲ್ಲ. ನೋಡಿದೆ. ಅವಳ ಜಡೆಯ ಕೆಂಪು ಟೇಪು. ಒಂದು ತುದಿ ಕಾಲಿನ ಹರಡಿಗೆ, ಇನ್ನೊಂದು ತುದಿ ಹಿಂದೆ ಎತ್ತು ಕಟ್ಟುತ್ತಿದ್ದ ಹಳೆಯ ಗೂಟಕ್ಕೆ. ಎಡಗಡೆಯ ಜಡೆ ಬಿಚ್ಚಿ ಹೋಗಿತ್ತು. ಹೊಲದಲ್ಲಿ, ಕಣದಲ್ಲಿ ದುಡಿಯುವ ತಾಯಂದಿರು ಅಂಬೆಗಾಲಿಡುವ ಕೂಸನ್ನು ಹೀಗೆ ಕಟ್ಟಿ ಕೆಲಸಕ್ಕೆ ಹೋಗುವುದುಂಟು. ನನ್ನನ್ನೂ ನನ್ನವ್ವ ಕಟ್ಟಿದ್ದಳಂತೆ.

"ಯಾರ ಕಟ್ಟಿದ್ರು ನಿನ್ನ?"

"ಆಯಿ."

"ಯಾವ ಆಯಿ?"

"ಓ ಅಂದಾಕಿ. ನಾ ಬಗ್ಗಿ ನೋಡತೇನಿ ಅಂದ್ರ ಬಿಡಲಿಲ್ಲವ್ವಾ." ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು.

ಆಗ ನಾನು ಚೀರಿದ್ದು ಬೀದಿಗೆ ಕೇಳಿತಂತೆ. ಇವರು ಅಟ್ಟದಿಂದ ಇಳಿದು ಬಂದರು. ಮಾಬೂಬಿ ಕೊಡ ಅಲ್ಲೇ ಬಿಟ್ಟು ಓಡಿ ಬಂದಳು. ಮೂವರೂ ಉಗುರು ಮುರಿಯುವಷ್ಟು ಒದ್ದಾಡಿದರೂ ಆ ಗಂಟು ಬಿಚ್ಚಲಿಲ್ಲ. ಕೊನೆಗೆ ಮಾಬೂಬಿ ಕುಡಗೋಲು ತಂದು ಟೇಪು ಕೊಯ್ದಳು. ಆಮೇಲೆ ಏನು ತಿಳಿಯಿತೋ, ಒಂದು ಹಿಡಿ ಒಣಹುಲ್ಲಿಗೆ ಕಡ್ಡಿ ಗೀರಿ ಆ ಬಾಯಿಯೊಳಗೆ ಹಾಕಿದಳು. ಬೆಂಕಿ ಅರ್ಧಕ್ಕೂ ಇಳಿಯದೆ, ಯಾರೋ ಊದಿದಂತೆ ಆರಿತು. ನಾನು ಮಗಳನ್ನು ಎದೆಗೆ ಒತ್ತಿಕೊಂಡೆ.

ಮಾಬೂಬಿ ತನ್ನ ಮನೆಯ ಕಟ್ಟೆಯ ಮೇಲೆ ನಮ್ಮನ್ನು ಕೂಡಿಸಿ ನೀರು ಕೊಟ್ಟಳು. "ನಮ್ಮತ್ತಿ ಒಂದು ಮಾತು ಹೇಳತಿದ್ಲರಿ. ನಾ ನಂಬಿರಲಿಲ್ಲ" ಎಂದು ಶುರು ಮಾಡಿದಳು. ಆ ಮನೆಯ ಒಬ್ಬ ಸೊಸೆ ಕೂಸನ್ನು ಗೂಟಕ್ಕೆ ಕಟ್ಟಿ ಬೀಸಲು ಕೂಡುತ್ತಿದ್ದಳಂತೆ. ಒಂದು ದಿನ ಅತ್ತೆ ಅವಸರ ಮಾಡಿ ಕರೆದಳು. ಓ ಎಂದು, ಕಟ್ಟುವುದನ್ನು ಮರೆತು ಒಳಗೆ ಹೋದಳು. ಅಂದು ಹಗೇವು ತೆರೆದಿತ್ತು. ಕೂಸು ಬಿತ್ತು. ಹಿಂದೆಯೇ ತಾಯಿ ಇಳಿದಳು. ಇಬ್ಬರೂ ಬರಲಿಲ್ಲ. "ಆ ಹೆಣ್ಣುಮಗಳ ಹೆಸರು ಯಾರಿಗೂ ಗೊತ್ತಿಲ್ಲರಿ ಅಕ್ಕಾರ. ಮನಿಯವ್ರ ಹೇಳಗೊಡಲಿಲ್ಲಂತ."

ನಾನು ಇವರ ಮುಖ ನೋಡಿದೆ. ಇವರು ನೋಟುಬುಕ್ಕನ್ನು ಚೀಲದ ತಳಕ್ಕೆ ಸರಿಸುತ್ತಿದ್ದರು. ಇಬ್ಬರೂ ಹೆಸರು ಹೇಳಲಿಲ್ಲ.

ದಾರಿಯಲ್ಲಿ ಇವರು ಎಲ್ಲಕ್ಕೂ ಕಾರಣ ಹುಡುಕಿದರು. ಚಿಲಕ ಸಡಿಲಾಗಿ ತಾನೇ ಬಿದ್ದಿರಬೇಕು. ದನಿ ಬೀದಿಯದು. ಟೇಪನ್ನು ಹುಡುಗಿಯೇ ಆಟಕ್ಕೆ ಕಟ್ಟಿಕೊಂಡಿರಬೇಕು. ಮರುದಿನ ನಾನು ಸುಮಿಯ ಕೈಗೆ ಇನ್ನೊಂದು ಟೇಪು ಕೊಟ್ಟು, ಮಂಚದ ಕಾಲಿಗೆ ಕಟ್ಟಿ ತೋರಿಸು ಎಂದೆ. ಎರಡು ಸುತ್ತು ಸುತ್ತಿ, "ಬರಂಗಿಲ್ಲವ್ವಾ, ನೀ ಕಟ್ಟು" ಎಂದು ಕೈಗೆ ಕೊಟ್ಟಳು. ಬೂಟಿನ ಲಾಡಿ ಕಟ್ಟಲೂ ಬಾರದ ಹುಡುಗಿ ಅವಳು. ಇವರು ಪೇಪರ್ ಓದುತ್ತಿದ್ದವರು ತಲೆ ಎತ್ತಿ ನೋಡಿ ಮತ್ತೆ ಪೇಪರಿಗೆ ಮುಖ ಇಟ್ಟರು.

ಆ ಬಾಯಿಗೆ ಮಾಬೂಬಿಯ ಗಂಡ ಅದೇ ವಾರ ಹೊಸ ಚಪ್ಪಡಿ ಎಳೆದು ಮಣ್ಣು ಹಾಕಿದ. ಅದೊಂದು ಪುಣ್ಯ. ಅಸೂಟಿಗೆ ಹೊರಟ ದಿನ ಬೆಳಿಗ್ಗೆ ಸುಮಿ, "ಸೆಕಿ, ಜಡಿ ಬ್ಯಾಡ" ಎಂದು ಹಟ ಮಾಡಿದ್ದಳು. ನಾನು ಬೈದು ಹೊಸ ಟೇಪು ಹಾಕಿ ಹೆಣೆದಿದ್ದೆ. ಅದೂ ಒಂದು ಪುಣ್ಯವೆಂದು ಎಣಿಸುತ್ತೇನೆ. ಆದರೆ ಒಂದು ಪ್ರಶ್ನೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಆ ದನಿ ಓ ಎನ್ನದಿದ್ದರೆ ನನ್ನ ಮಗಳು ಹಿತ್ತಲಿಗೆ ಹೋಗುತ್ತಲೇ ಇರಲಿಲ್ಲ. ಆ ಕೈ ಕಟ್ಟದಿದ್ದರೆ ಅವಳು ಉಳಿಯುತ್ತಲೂ ಇರಲಿಲ್ಲ. ಕರೆದವಳೂ ಉಳಿಸಿದವಳೂ ಒಬ್ಬಳೇ ಏನು? ಒಬ್ಬಳೇ ಆದರೆ ನಾನು ಅವಳಿಗೆ ಕೈ ಮುಗಿಯಬೇಕೋ, ಅವಳಿಂದ ಮಗಳನ್ನು ಕಾಯಬೇಕೋ? ದೇವರ ಮುಂದೆ ಕುಳಿತು ಕೇಳಿದ್ದೇನೆ. ತಿಳಿದಿಲ್ಲ. ವಂಶಾವಳಿ ಈಗ ಕಟ್ಟು ಹಾಕಿಸಿಕೊಂಡು ಪಡಸಾಲೆಯಲ್ಲಿದೆ. ಆ ಹೆಸರೂ ಅದರಲ್ಲಿದೆ, ನಾನೇ ಹಟ ಹಿಡಿದು ಬರೆಸಿದೆ. ದಿನಾ ಧೂಳು ಒರೆಸುತ್ತೇನೆ. ಈ ಕಾಗದದ ಮೇಲೆ ಬರೆಯಬಲ್ಲೆ, ಬಾಯಿ ಬಿಟ್ಟು ಓದುವುದಿಲ್ಲ.

ಅಸೂಟಿಯಿಂದ ಬಂದ ಆ ಸಂಜೆ ಇನ್ನೂ ಬೆಳಕಿತ್ತು. ಮಾಳಿಗೆಯ ಮೇಲೆ ಹಿಂದಿನ ದಿನ ಹಾಕಿದ ಶಾವಿಗೆ ಹಾಗೇ ಇತ್ತು, ಚೆನ್ನಾಗಿ ಒಣಗಿತ್ತು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಒಂದು ಹಿಡಿ ಶಾವಿಗೆಗೆ ಬೆಲ್ಲ ಹಾಕಿ ಬೇಯಿಸಿದೆ. ಬಾಳೆಲೆಯಲ್ಲಿ ಎಡೆ ಮಾಡಿ ನಮ್ಮ ಬೀಸುವ ಕಲ್ಲಿನ ಪಕ್ಕ ಇಟ್ಟೆ. ಯಾರಿಗೆಂದು ಇವರೂ ಕೇಳಲಿಲ್ಲ. ಉಳಿದ ಶಾವಿಗೆಯನ್ನು ತುಂಬಲು ಕುಳಿತಾಗ ಡಬ್ಬಿಯ ಮುಚ್ಚಳ ಒಳಗೇ ಉಳಿದಿತ್ತು.

"ಸುಮೀ" ಎಂದು ಕರೆದೆ.

"ಓ" ಎಂದಿತು ಒಳಗಿನಿಂದ.

ಅವಳು ಮುಚ್ಚಳ ಹಿಡಿದು ಹೊಸ್ತಿಲ ಮೇಲೆ ಕಾಣುವವರೆಗೆ ನಾನು ಉಸಿರಾಡಲಿಲ್ಲ. ಕಂಡ ಮೇಲೆ ಮುಚ್ಚಳ ಇಸಿದುಕೊಂಡು, ಶಾವಿಗೆ ಮುರಿಯದಂತೆ ಒತ್ತಿ ತುಂಬತೊಡಗಿದೆ.