ಬೇಳೆಯ ರೇಟು ಬರೆಯುವ ಕೆಲಸ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗೋವಾದ ಮಡಗಾಂವ್ ಊರಿನ ಗುಡ್ಡದ ಕೇರಿ ಮೋತಿ ಡೊಂಗರ್‌ನ ತಗಡಿನ ಮನೆಯಲ್ಲಿ, ನಲ್ಲಿಯ ಮುಂದೆ ಕೊಡ ಪಾಳಿಗಿಟ್ಟು ಓದಿ ಪಡೆದದ್ದು ಅದು. ಬಿ.ಕಾಂ. ಆದ ಮೇಲೆ ಸಿಕ್ಕಿದ್ದು ಸರಕಾರಕ್ಕಾಗಿ ಪೇಟೆಯ ರೇಟು ಬರೆಯುವ ಕೆಲಸ, ಅದೂ ಗುತ್ತಿಗೆಯ ಮೇಲೆ. ವಾರಕ್ಕೊಮ್ಮೆ ಮಡಗಾಂವ್ ಮಾರ್ಕೆಟ್ಟಿನ ಗೊತ್ತುಪಡಿಸಿದ ಅಂಗಡಿಗಳಿಗೆ ಹೋಗಿ, ತೊಗರಿ ಬೇಳೆ ಕಿಲೋಕ್ಕೆ ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕು. ಅಂಗಡಿ ಬದಲಿಸುವಂತಿಲ್ಲ, ಬೇಳೆಯ ದರ್ಜೆ ಬದಲಿಸುವಂತಿಲ್ಲ. ಧಾರವಾಡ ಕಡೆಯ ಅಂಗಡಿಯವರೊಬ್ಬರು "ಬರ್ರಿ ಮೇಡಮ್ಮರ" ಎಂದು ಸ್ಟೂಲು ಎಳೆದು ಕೊಡುತ್ತಿದ್ದರು. ಅದೇ ಕಟ್ಟೆಯ ಮುಂದೆ ಒಂದು ಕಾಲಕ್ಕೆ ನಾನು ಎಣ್ಣೆಯ ಬಾಟಲಿ ಹಿಡಿದು ನಿಂತವಳು.

ಅಪ್ಪ ಮುಕಾದಮ. ನಮ್ಮ ವಿಜಯಪುರ ಕಡೆಯ ಆಳುಗಳ ಗ್ಯಾಂಗು ಕಟ್ಟಿಕೊಂಡು ಕೆಪೆಯಲ್ಲಿ ಒಂದು ಕಟ್ಟಡದ ಕೆಲಸ ಹಿಡಿದಿದ್ದ. ಆ ವರ್ಷ ಬೇಳೆ ಏರುತ್ತಲೇ ಹೋಯಿತು. ಆಳುಗಳು ಕಿಲೋ ಲೆಕ್ಕದಲ್ಲಿ ಕೊಳ್ಳುವವರಲ್ಲ. ಸೈಟಿನ ಪಕ್ಕದ ಗೂಡಂಗಡಿಯಿಂದ ಸಂಜೆ ಹತ್ತು ರೂಪಾಯಿಯ ಪೊಟ್ಟಣ ಒಯ್ಯುವವರು. ಅಲ್ಲಿ ಪೊಟ್ಟಣದ ಬೆಲೆ ಏರಲಿಲ್ಲ, ಪೊಟ್ಟಣವೇ ಸಣ್ಣದಾಗುತ್ತ ಬಂತು. ಮನೆಮಂದಿಗೆಲ್ಲ ಸಾರಿಗಾಗುತ್ತಿದ್ದ ಬೇಳೆ ಕಡೆಗೆ ಒಂದು ಹಿಡಿಯಾಯಿತು. ಕೂಲಿ ಏರದಿದ್ದರೆ ಬೇರೆ ಮುಕಾದಮನ ಹಿಂದೆ ಹೋಗುತ್ತೇವೆ ಎಂದು ಅವರು ಅಪ್ಪನಿಗೆ ಹೇಳಿಬಿಟ್ಟರು. ಗ್ಯಾಂಗು ಹೋದರೆ ಮುಕಾದಮನೂ ಬುಟ್ಟಿ ಹೊರುವ ಆಳೇ.

ದಿನಕ್ಕೆ ಇಪ್ಪತ್ತು ರೂಪಾಯಿ ಹೆಚ್ಚಿಗೆ ಕೊಡಿ ಎಂದು ಅಪ್ಪ ಗುತ್ತಿಗೆದಾರನನ್ನು ಕೇಳಿದ. ತುಟ್ಟಿ ತುಟ್ಟಿ ಎಂದು ಎಲ್ಲರೂ ಅಳುತ್ತಾರೆ, ಪುರಾವೆ ತಾ ಎಂದನಂತೆ ಆತ. ಅಪ್ಪ ಅವತ್ತು ಮನೆಗೆ ಬಂದದ್ದು ಗೆದ್ದವನ ಹಾಗೆ.

"ಪುರಾವೆ ನನ್ನ ಮನ್ಯಾಗ ಐತಿ. ಐತವಾರ ನೀ ನನ್ನ ಕೂಡ ಬಾರವ್ವ."

ನಾನು ಬರೆಯುವುದು ದೊಡ್ಡ ಅಂಗಡಿಯ ಕಿಲೋದ ರೇಟು, ನಿಮ್ಮವರ ಪೊಟ್ಟಣ ಅದರಲ್ಲಿ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ.

"ಬ್ಯಾಳಿ ಎಲ್ಲಿದ್ರೂ ಬ್ಯಾಳಿನ," ಎಂದ. "ಕಲತಾಕಿ ಅದಿ ನೀ. ಸರಕಾರನ ನಿನ್ನ ಮಾತು ನಂಬತೈತಿ, ಇಂವ ನಂಬೂದಿಲ್ಲೇನು?"

ಹೋದೆ. ಗುತ್ತಿಗೆದಾರ ಅರ್ಧ ಎದ್ದ ಕಟ್ಟಡದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ, ಗ್ಯಾಂಗು ಸುತ್ತ ನಿಂತಿತ್ತು. ನನ್ನೊಂದಿಗೆ ಹಿಂದಿಯಲ್ಲಿ, ಮರ್ಯಾದೆಯಿಂದಲೇ ಮಾತಾಡಿದ. ಹೋದ ವರ್ಷ ಕಿಲೋ ಎಷ್ಟಿತ್ತು, ಈಗೆಷ್ಟು ಎಂದು ಕೇಳಿದ. ಹೇಳಿದೆ. ಒಬ್ಬ ಆಳು ದಿನಕ್ಕೆ ಎಷ್ಟು ಬೇಳೆ ತಿಂದಾನು ಎಂದು ತಾನೇ ಮುಷ್ಟಿ ಹಿಡಿದು ತೋರಿಸಿದ. ಮೊಬೈಲಿನಲ್ಲಿ ಗುಣಿಸಿ, ಭಾಗಿಸಿ, ಏರಿದ್ದು ದಿನಕ್ಕೆ ತಲೆಗೆ ಎರಡು ರೂಪಾಯಿಯೂ ಆಗುವುದಿಲ್ಲ, ಹೋಗಲಿ, ಪೂರಾ ಎರಡು ಕೊಡುತ್ತೇನೆ ಎಂದ. ನಾನು ಪೊಟ್ಟಣದ ವಿಷಯ ತೆಗೆದೆ. ಆ ಮುಷ್ಟಿಯಲ್ಲಿ ಹೆಂಡತಿ ಮಕ್ಕಳೂ ಉಣ್ಣುತ್ತಾರೆ ಎಂದೆ. ಅದೆಲ್ಲ ನಿಮ್ಮ ಸರಕಾರಿ ಕಾಗದದಲ್ಲಿದೆಯೇ ಎಂದು ಕೇಳಿದ. ಇರಲಿಲ್ಲ.

ಸೈಟಿನಿಂದ ಹೊರಗೆ ಬಂದಾಗ ಗ್ಯಾಂಗಿನ ಹಿರಿಯಳೊಬ್ಬಳು ಅಪ್ಪನ ಮುಂದೆ ನಿಂತಳು.

"ಇಷ್ಟ ವರ್ಸ ಸಾಲಿ ಕಲಿಸಿ ನಮಗ ಎರಡ ರೂಪಾಯಿ ತಂದಿ ನೋಡಪಾ. ಕಲಿಸಲಾರದ ಬಿಟ್ಟಿದ್ರ ಐದಾದ್ರೂ ಬರತಿದ್ದು."

ಯಾರೋ ನಕ್ಕರು. ಅಪ್ಪ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, ಮಡಗಾಂವ್ ಬರುವತನಕ ಕಿಟಕಿಯ ಹೊರಗೆ ನೋಡುತ್ತಿದ್ದ.

ತಿಂಗಳು ತುಂಬುವ ಮೊದಲೇ ಗ್ಯಾಂಗು ಇನ್ನೊಬ್ಬ ಮುಕಾದಮನ ಜೊತೆ ಕೊರ್ತಾಲಿಮ್ ಕಡೆಯ ಕೆಲಸಕ್ಕೆ ಹೋಯಿತು. ಆ ಗೂಡಂಗಡಿಯ ಪೊಟ್ಟಣವನ್ನೂ ಬರೆದುಕೊಳ್ಳಲೇ ಎಂದು ನಾನು ನನ್ನ ಮೇಲಿನವರನ್ನು ಕೇಳಿದೆ. ನಿಯಮದಲ್ಲಿಲ್ಲ ಎಂದರು. ಕೆಲಸ ಬಿಡುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಈಗ ಮನೆ ನಡೆಯುತ್ತಿದ್ದುದೇ ನನ್ನ ಪಗಾರದ ಮೇಲೆ.

ಅಪ್ಪ ಬೆಳಿಗ್ಗೆ, ದಿನಗೂಲಿಗೆ ಆಳು ಆರಿಸುವ ಕೂಲಿ ನಾಕಾದಲ್ಲಿ ನಿಲ್ಲತೊಡಗಿದ. ಅಲ್ಲಿ ತಲೆ ನರೆತವರನ್ನು ಕೊನೆಗೆ ಕರೆಯುತ್ತಾರೆ, ಕೆಲವು ದಿನ ಕರೆಯುವುದೇ ಇಲ್ಲ. ಅಂಥ ದಿನ ಅವನು ಮನೆಗೆ ಮರಳದೆ, ಬುತ್ತಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೆ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ರೇಟು ಬರೆಯಲು ಹೋದಾಗ ದೂರದಿಂದಲೇ ನನಗೆ ಕಾಣುತ್ತಿದ್ದ. ನಾನು ಹಿಂದಿನ ಓಣಿಯಿಂದ ಸುತ್ತು ಹಾಕಿ ಅಂಗಡಿಗೆ ಹೋಗುತ್ತಿದ್ದೆ.